ಎತ್ತದ ಹಲಗೆ

ಯಲಬುರ್ಗಾ, ೪ ನವೆಂಬರ್ ೧೯೩೮, ಶುಕ್ರವಾರ

ಹೈದರಾಬಾದ್ ಸಂಸ್ಥಾನದ ಶಾಲೆಗಳಿಗೆ ಶುಕ್ರವಾರವೇ ವಾರದ ರಜೆ. ಬೆಳಿಗ್ಗೆ ಅಂಗಿ ಒಗೆದು ಮಾಳಿಗೆಯ ಮೇಲೆ ಹರವಿ ಬಂದೆ. ಮಧ್ಯಾಹ್ನ ಪಕ್ಕೀರವ್ವ ಎರಡು ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ಆಕೆ ಈ ಮನೆಯ ಒಡತಿ. ಮುಂದಿನ ಅಂಕಣದಲ್ಲಿ ಆಕೆ, ಹಿಂದಿನದರಲ್ಲಿ ನಾನು. ರೊಟ್ಟಿ ಕೊಡುವಾಗಲೆಲ್ಲ ಹೊಳಿಯಮ್ಮ ಯಾವಾಗ ಬರುತ್ತಾಳೆ ಎಂದು ಕೇಳುತ್ತಾಳೆ. ಬರುತ್ತಾಳೆ ಎಂದು ನಾನು ಹೇಳುತ್ತೇನೆ.

ವಿಷಯವನ್ನು ಒಮ್ಮೆ ಸರಿಯಾಗಿ ಬರೆದಿಟ್ಟರೆ ಮತ್ತೆ ಬರೆಯಬೇಕಾಗುವುದಿಲ್ಲ. ನನ್ನ ಹೆಂಡತಿ ಹೊಳಿಯಮ್ಮ ಚೊಚ್ಚಲ ಹೆರಿಗೆಗೆಂದು ಬೇಸಿಗೆಯಲ್ಲಿ ತವರಾದ ಕಿನ್ನಾಳಕ್ಕೆ ಹೋದಳು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಸುದ್ದಿ ಯಲಬುರ್ಗಾ ಮುಟ್ಟಿ, ನಾನು ಕಿನ್ನಾಳ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಬಂದಿದ್ದರು. ಬಾಣಂತಿಯನ್ನು ಕರೆತರಲು ಗಂಡನ ಮನೆಯ ಹಿರಿಯ ಹೆಂಗಸರು ಸೀರೆ, ಬುತ್ತಿ ಹೊತ್ತುಕೊಂಡು ಹೋಗುವುದು ನಮ್ಮಲ್ಲಿಯ ರೂಢಿ. ನನಗೆ ತಾಯಿ ಇಲ್ಲ. ಕೂಸಿಲ್ಲದ ಬಾಣಂತಿಯನ್ನು ಯಾರು ಹೇಗೆ ಕರೆಯಬೇಕೆಂಬುದು ಯಾರಿಗೂ ಗೊತ್ತಿಲ್ಲ. ಆಕೆ ಬರುತ್ತೇನೆಂದು ಹೇಳಿಕಳಿಸಿಲ್ಲ, ನಾನು ಬಾ ಎಂದು ಹೇಳಿಕಳಿಸಿಲ್ಲ. ಗಂಗಾವತಿಯಲ್ಲಿರುವ ನನ್ನ ಅಣ್ಣ ಹುಸೇನಪ್ಪ ಮಾತ್ರ ಎರಡು ಸಲ ಹೇಳಿಕಳಿಸಿದ್ದಾನೆ. ಯುಗಾದಿಯೊಳಗೆ ಆಕೆ ಬರದಿದ್ದರೆ ದೈವದ ಹಿರಿಯರನ್ನು, ಕುಲದ ಪಂಚರನ್ನು ಕೂಡಿಸಿ ಸಂಬಂಧ ಬಿಡಿಸುತ್ತಾನಂತೆ. ಬೇರೆ ಹೆಣ್ಣು ನೋಡಿದ್ದಾನಂತೆ.

ಇಷ್ಟೇ ವಿಷಯ.

ಬಂಗಾಳಿಯಿಂದ ಕನ್ನಡಕ್ಕೆ ಬಂದ ಕಾದಂಬರಿಯೊಂದನ್ನು ಮುಗಿಸಿದೆ. ಅನುವಾದಕರು ದೋಣಿಯ ಪ್ರಸಂಗದಲ್ಲಿ ಒಬ್ಬನ ಮಾತನ್ನು ಇನ್ನೊಬ್ಬನ ಬಾಯಿಗೆ ಹಾಕಿದ್ದಾರೆ. ಉಳಿದದ್ದು ಅಚ್ಚುಕಟ್ಟು. ಆ ನಾಡಿನ ಜನ ದುಃಖವಾದರೆ ನಡೆದು ಹೋಗಿ ಕದ ತಟ್ಟಿ ಹೇಳಿಬಿಡುತ್ತಾರೆ. ಮೂಲದಲ್ಲಿಯೇ ಹಾಗಿದೆಯೋ ಅನುವಾದದಲ್ಲಿ ಹಾಗಾಯಿತೋ ತಿಳಿಯದು.

೯ ನವೆಂಬರ್, ಬುಧವಾರ

ಧಾರವಾಡದ ಮಾಸಪತ್ರಿಕೆಯೊಂದಕ್ಕೆ ಪರಮಾಣುವಿನ ಬೀಜದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ನಾನು ಇದನ್ನು ಹೈದರಾಬಾದಿನಲ್ಲಿ ಕಲಿತದ್ದು ಉರ್ದುವಿನಲ್ಲಿ, ಮುಂದೆ ಓದಿಕೊಂಡದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಕತೆ ಸರಳ. ಪರಮಾಣುವಿನೊಳಗೆ ಏನಿದೆಯೆಂದು ಯಾವ ಸೂಕ್ಷ್ಮದರ್ಶಕದಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಬಂಗಾರದ ತೆಳು ತಗಡಿನ ಮೇಲೆ ರೇಡಿಯಂನಿಂದ ಹೊಮ್ಮುವ ಕಣಗಳನ್ನು ಬಿಟ್ಟರು. ಸುತ್ತಲೂ ಒಂದು ಲೇಪದ ಪರದೆ. ಕಣ ತಾಗಿದಲ್ಲಿ ಒಂದು ಮಿಣುಕು. ಕಣ್ಣು ಕತ್ತಲಿಗೆ ಹದವಾಗುವವರೆಗೆ ಕಾದು ಕುಳಿತು ಅವರು ಆ ಮಿಣುಕುಗಳನ್ನು ಎಣಿಸಿದರು. ಹೆಚ್ಚುಕಡಿಮೆ ಎಲ್ಲ ಕಣಗಳೂ ತಗಡಿನಲ್ಲಿ ಏನೂ ಇಲ್ಲವೆಂಬಂತೆ ದಾಟಿಹೋದವು. ಸಾವಿರಾರರಲ್ಲಿ ಒಂದು ಮಾತ್ರ ಬಂದ ದಾರಿಯಲ್ಲಿಯೇ ತಿರುಗಿ ಬಂತು. ಅಂದಮೇಲೆ ಪರಮಾಣು ಬಹುತೇಕ ಬರಿದು. ಅದರ ತೂಕವೆಲ್ಲ ನಡುವಿನ ಒಂದು ಚಿಕ್ಕ ಬೀಜದಲ್ಲಿದೆ. ಪರಮಾಣು ಕೊಪ್ಪಳದ ಕೋಟೆಗುಡ್ಡದಷ್ಟಿದ್ದರೆ ಬೀಜ ಒಂದು ಗೋಲಿ.

ಹೆಡ್‌ಮಾಸ್ತರ ಮರ್ದಾನಸಾಬರಿಗೆ ಓದಿ ತೋರಿಸಿದೆ. ಅವರು ಪಾನ್ ಅಗಿಯುತ್ತ ಕೊನೆಯವರೆಗೂ ಕೇಳಿದರು. ‘ಕತ್ತಲಾಗ ಕುಂತು ಮಿಣುಕು ಎಣಿಸ್ಯಾರ, ಅದು ತಿಳೀತು ದ್ಯಾವಪ್ಪ. ಅದರಿಂದ ನಡುವ ಏನೈತಿ ಅಂತ ಹೆಂಗ ಗೊತ್ತಾತು? ನನಗ ತಿಳೀಲಿಲ್ಲಂದ್ರ ಓದವ್ರಿಗೂ ತಿಳಿಯೂದಿಲ್ಲ.’

ಅವರ ಮಾತು ಸರಿ. ಕೈಯಿಂದ ಮಾಡಿ ತೋರಿಸುವಂಥದು ಏನಾದರೂ ಬೇಕು. ಹುಡುಗರು ಗೋಲಿ ಆಡುವುದನ್ನು ಕಿಟಕಿಯಿಂದ ನೋಡುತ್ತಿದ್ದಾಗ ಒಂದು ಉಪಾಯ ಹೊಳೆಯಿತು. ಮಾಡಿಕೊಡುವವರು ಕಿನ್ನಾಳದಲ್ಲಿಯೇ ಇದ್ದಾರೆ.

೧೮ ನವೆಂಬರ್, ಶುಕ್ರವಾರ

ಕಿನ್ನಾಳಕ್ಕೆ ಹೋಗಿಬಂದೆ. ಕೊಪ್ಪಳದವರೆಗೆ ಮೋಟಾರು, ಮುಂದೆ ಚಕ್ಕಡಿ. ಕೆಲಸದ ಮೇಲೆ ಹೋದದ್ದು.

ಮಾವ ಹುಲಿಗೆಪ್ಪನವರು ಕಟ್ಟೆಯ ಮೇಲೆ ಕುಳಿತು ಗೊಂಬೆಗೆ ಬಣ್ಣ ಹಾಕುತ್ತಿದ್ದರು. ಗಿರಾಕಿ ಎದುರಿಗೇ ಇದ್ದ. ಗೊಂಬೆ ಪೂರ್ತಿಯಾದರೂ ಕಣ್ಣು ಮಾತ್ರ ಬರೆಯದೆ ಇಟ್ಟಿರುವುದು, ಒಯ್ಯುವವರು ಬಂದು ಎದುರಿಗೆ ಕುಳಿತಾಗಲೇ ಕಣ್ಣು ಬರೆಯುವುದು ಆ ಮನೆಯ ಪದ್ಧತಿ. ಗೊಂಬೆ ಮೊದಲು ನೋಡುವ ಮುಖ ಅದು ಹೋಗುವ ಮನೆಯವರದಾಗಿರಬೇಕಂತೆ. ಗಿರಾಕಿ ಹೋಗುವವರೆಗೆ ಕಾದೆ.

ನನಗೆ ಬೇಕಾದದ್ದನ್ನು ಹೇಳಿದೆ. ಕೆಳಗೊಂದು ಹಲಗೆ, ನಾಲ್ಕು ಬೆರಳು ಅಂತರದಲ್ಲಿ ಮೇಲೊಂದು ಹಲಗೆ, ಮೂಲೆಗೊಂದು ಗೂಟ. ಒಳಗೆ ನಡುವೆ ಒಂದು ಆಕಾರ. ಗುಂಡಗಿದ್ದರೂ ಸರಿ, ಮೂಲೆ ಇದ್ದರೂ ಸರಿ. ಇಣುಕಿದರೆ ಕಾಣದಂತೆ ಸುತ್ತ ಕರಿ ಬಟ್ಟೆಯ ಜಾಲರಿ. ಹುಡುಗರು ಅಂಚಿನಿಂದ ಗೋಲಿ ಉರುಳಿಸಬೇಕು. ಗೋಲಿ ಎಲ್ಲಿ ಹೊರಬಿತ್ತು, ಎಷ್ಟು ಹೊರಳಿತು ಎಂಬುದರಿಂದ ಒಳಗಿನ ಆಕಾರ ಹೇಳಬೇಕು. ಯಾವ ಆಕಾರವೆಂದು ನನಗೂ ಹೇಳಕೂಡದು. ಉತ್ತರ ಗೊತ್ತಿದ್ದವನು ನಡೆಸಿದರೆ ಅದು ಪ್ರಯೋಗವಾಗುವುದಿಲ್ಲ.

‘ನೋಡಬಾರದಂದ್ರ ಎದಕ್ಕ ಮಾಡಸ್ತೀರಿ ಅಳಿಯಂದ್ರ?’ ಎಂದು ಅವರು ನಕ್ಕರು.

ಒಳಗೆ ಗೊಂಬೆಯ ಅಂಟಿಗೆಂದು ಹುಣಸೆಬೀಜ ಕುಟ್ಟುವ ಸದ್ದು ಕೇಳುತ್ತಿತ್ತು. ನಾನು ಮಾತನಾಡುವಾಗ ಅದು ನಿಂತಿತ್ತು. ಹೊಳಿಯಮ್ಮ ನೀರು ತಂದಿಟ್ಟಳು. ಇಳಿದಿದ್ದಾಳೆ. ಕೈ ಮೊಣಕೈವರೆಗೆ ಹಿಟ್ಟು ಹಿಟ್ಟಾಗಿತ್ತು. ಆರಾಮ ಇದ್ದಿಯೇನು ಎಂದೆ, ಹೂಂ ಎಂದಳು. ನೀವು ಎಂದಳು, ಹೂಂ ಎಂದೆ. ಮಾವನವರು ಕುಂಚ ತೊಳೆಯುವ ನೆವದಿಂದ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಚಕ್ಕಡಿಯವನು ಕೂಗಿದ.

ಬೇಸಿಗೆಯಲ್ಲಿ, ಹೋಗುವ ಮುಂಚೆ, ಆಕೆ ಇಲ್ಲಿ ಕುಳಿತು ಕೂಸಿಗೆಂದು ಒಂದು ಕಟ್ಟಿಗೆಯ ಕರುವಿಗೆ ಬಣ್ಣ ಹಾಕುತ್ತಿದ್ದಳು. ಅಲ್ಲಿಯ ಗೋಡೆಯ ಮಾಡದಲ್ಲಿ ಅದು ಕಾಣಲಿಲ್ಲ. ಕೇಳುವ ವಿಷಯವಲ್ಲ.

೨೮ ನವೆಂಬರ್, ಸೋಮವಾರ

ಸಂತೆಗೆ ಗೊಂಬೆ ತಂದ ಕಿನ್ನಾಳದವನೊಬ್ಬನು ಹಲಗೆ ಮುಟ್ಟಿಸಿದ. ಅಳತೆ ಹೇಳಿದ ಹಾಗೆಯೇ ಇದೆ. ಮೊಳೆ ಹೊಡೆದಿಲ್ಲ, ಎರಡು ಸುತ್ತು ಹುರಿ ಕಟ್ಟಿ ಗಂಟು ಹಾಕಿದ್ದಾರೆ. ಒಳಗಿನದನ್ನು ಹೊಳಿಯಮ್ಮನೇ ಕೂಡಿಸಿದಳೆಂದು ಮಾವನವರು ಹೇಳಿಕಳಿಸಿದ್ದಾರೆ.

ಒಳ್ಳೆಯದೇ ಆಯಿತು. ಮಾವನವರಿಗೆ ಗುಟ್ಟು ಬಾಯಲ್ಲಿ ನಿಲ್ಲುವುದಿಲ್ಲ.

೧ ಡಿಸೆಂಬರ್, ಗುರುವಾರ

ತರಗತಿಯಲ್ಲಿ ಪ್ರಯೋಗ. ಹುಡುಗರಿಗೆ ಗೋಲಿ ಆಡಿದ್ದಕ್ಕೆ ಮೊದಲ ಸಲ ಶಾಬಾಸ್ ಸಿಕ್ಕಿತು. ಗೋಲಿಗಳು ಬಹಳಷ್ಟು ನೇರ ದಾಟಿದವು. ನಡುವಿಗೆ ಗುರಿಯಿಟ್ಟವು ಟಕ್ ಎಂದು ತಿರುಗಿ ಬಂದವು. ಒಳಗಿನ ವಸ್ತು ಒಂದು ಮುಷ್ಟಿಯಷ್ಟಿದೆ ಎಂದು ಹುಡುಗರು ತೀರ್ಮಾನಿಸಿದರು. ಎಲ್ಲರದೂ ಒಂದೇ ತಪ್ಪು. ಗೋಲಿಯ ಅಂಚು ತಾಗಿದರೂ ಗೋಲಿ ಹೊರಳುತ್ತದೆ, ಅದಕ್ಕೆ ವಸ್ತು ಇರುವುದಕ್ಕಿಂತ ಅಗಲವಾಗಿ ತೋರುತ್ತದೆ. ಗೋಲಿಯ ಸ್ವಂತ ಗಾತ್ರವನ್ನು ಕಳೆಯಬೇಕು. ಎಸೆಯುವವನು ತನ್ನನ್ನು ಲೆಕ್ಕದಿಂದ ತೆಗೆಯದಿದ್ದರೆ ಗುರಿಯ ಅಳತೆ ತಪ್ಪುತ್ತದೆ.

ಹುರಿ ಬಿಚ್ಚಿ ತೋರಿಸಿರಿ ಎಂದು ಹುಡುಗರು ಗಲಾಟೆ ಮಾಡಿದರು. ಇಷ್ಟು ಕಡಿಮೆ ಗೋಲಿಗಳ ಮೇಲೆ ಬಿಚ್ಚುವುದು ಸರಿಯಲ್ಲ. ಹಲಗೆಯನ್ನು ಮನೆಗೆ ತಂದಿದ್ದೇನೆ. ಗೋಲಿಗಳನ್ನೂ.

೯ ಡಿಸೆಂಬರ್, ಶುಕ್ರವಾರ

ಮರ್ದಾನಸಾಬರ ಕೈಗಡಿಯಾರ ಕೇಳಿ ತಂದೆ. ಅದರ ಅಂಕಿಗಳಿಗೆ ರೇಡಿಯಂ ಬಣ್ಣ. ಭೂತಗನ್ನಡಿಯಿಂದ ನೋಡಿದರೆ ಆ ಹೊಳಪು ಒಂದೊಂದೇ ಮಿಣುಕಾಗಿ ಒಡೆಯುತ್ತದೆಂದು ಓದಿದ್ದೆ. ನಡುಮಧ್ಯಾಹ್ನ ಕಾಳು ಇಡುವ ಅಡಕಲ ಕೋಣೆಗೆ ಹೋಗಿ ಮಾಳಿಗೆಯ ಬೆಳಕಿಂಡಿಯನ್ನು ತಗಡಿನಿಂದ ಮುಚ್ಚಿ, ಕದದ ಸಂದಿಗೆ ಗೋಣಿಚೀಲ ತುರುಕಿ ಕುಳಿತೆ.

ಮೊದಲು ಏನೂ ಇಲ್ಲ. ಜೋಳದ ಧೂಳಿನ ವಾಸನೆ. ಹೊರಗೆ ಪಕ್ಕೀರವ್ವ ಕೋಳಿ ಅಟ್ಟುವುದು. ಕಣ್ಣು ತಾನಾಗಿ ತೆರೆದುಕೊಳ್ಳುವವರೆಗೆ ಕಾಯಬೇಕು, ಅವಸರಕ್ಕೆ ಬಗ್ಗುವುದಿಲ್ಲ. ಆಮೇಲೆ ಕನ್ನಡಿಯ ಕೆಳಗೆ ಕಂಡಿತು. ಆರನೆಯ ಅಂಕಿಯ ತುಂಬ ಸಣ್ಣ ಸಣ್ಣ ಕಿಡಿ, ಒಂದು ಹುಟ್ಟಿದಲ್ಲಿ ಇನ್ನೊಂದು ಇಲ್ಲ. ಪ್ರತಿ ಕಿಡಿಯೂ ಒಂದು ಬೀಜ ಒಡೆದು ಹೊರಬಿದ್ದ ಒಂದು ಕಣ. ಒಂದೇ ಒಂದು. ಒಮ್ಮೆ ಮಾತ್ರ.

ಬಹಳ ಹೊತ್ತು ನೋಡಿದೆ. ಇಲ್ಲಿ ಬಾ, ನೋಡು ಎಂದು ಬಾಯಿಂದ ಬಂತು. ಬಾಗಿಲು ಮುಚ್ಚಿದ್ದರಿಂದ ಯಾರಿಗೂ ಕೇಳಿಸಿರಲಾರದು.

೧೩ ಡಿಸೆಂಬರ್

ಗೋಲಿ, ನೂರು. ಉದ್ದದ ಕಡೆ ನಾಲ್ಕು ಬೆರಳು, ಅಡ್ಡ ಎರಡು. ಗೋಲಿಯ ಗಾತ್ರ ಕಳೆದು.

ರೊಟ್ಟಿ ಆರಿಹೋಗಿತ್ತು.

೨೩ ಡಿಸೆಂಬರ್, ಶುಕ್ರವಾರ

ಕೊಪ್ಪಳದ ವಾಚನಾಲಯಕ್ಕೆ ಪುಸ್ತಕ ಬದಲಿಸಲು ಹೋಗಿದ್ದೆ. ರಷ್ಯನ್ ಕಥೆಗಳು, ಇಂಗ್ಲಿಷಿನಲ್ಲಿ. ಈ ಅನುವಾದಕನು ಹಿಮದ ಹೆಸರುಗಳನ್ನೆಲ್ಲ ಒಂದೇ ಶಬ್ದಕ್ಕೆ ಇಳಿಸಿದ್ದಾನೆಂದು ಅನುಮಾನ.

ಪೇಟೆಯಲ್ಲಿ ಮಾವನವರು ಸಿಕ್ಕರು. ಗೊಂಬೆಯ ಬುಟ್ಟಿ ಇಳಿಸಿ, ಸುತ್ತ ನೋಡಿ, ‘ಅದನ್ನ ನೋಡಿದ್ರೇನು?’ ಎಂದರು. ನೋಡಿಲ್ಲ, ಆದರೆ ಹೊರಗಿನ ಅಳತೆ ಸಿಕ್ಕಿದೆ, ಇನ್ನೂ ಸೂಕ್ಷ್ಮವಾಗಿ ಮಾಡಬೇಕು ಎಂದು ವಿವರಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ‘ಇನ್ನೂ ನೋಡೇ ಇಲ್ಲೇನು?’ ಎಂದು ಮತ್ತೆ ಕೇಳಿದರು. ಪ್ರಯೋಗದ ನಿಯಮವನ್ನು ಮೊದಲಿನಿಂದ ಹೇಳಿದೆ. ಬುಟ್ಟಿ ತಲೆಗೇರಿಸಿಕೊಂಡು, ‘ನಿಮ್ಮ ಸಾಲಿ ಓದು ನಮಗ ತಿಳಿಯೂದಿಲ್ಲ ಬಿಡ್ರಿ’ ಎಂದು ಹೊರಟುಹೋದರು.

ಅವರಿಗೆ ಬೇಸರವಾದಂತೆ ಕಂಡಿತು. ಬಹುಶಃ ಗೊಂಬೆ ಹೆಚ್ಚು ಮಾರಿರಲಿಲ್ಲ.

೧೨ ಜನವರಿ ೧೯೩೯, ಗುರುವಾರ

ಗೋಲಿ ದಪ್ಪವಾಯಿತು. ದಪ್ಪ ಬೆರಳಿನಿಂದ ಸವರಿದರೆ ಹೇಗೆ ಕೆತ್ತನೆ ತಿಳಿಯುವುದಿಲ್ಲವೋ ಹಾಗೆ. ಸೈಕಲ್ ಅಂಗಡಿಯ ಬಾಬಾಸಾಬನಿಂದ ಚಕ್ರದೊಳಗಿನ ಸಣ್ಣ ಉಕ್ಕಿನ ಗುಂಡು ತಂದೆ. ಎದಕ್ಕೆ ಎಂದು ಕೇಳಿದ. ಕಾಣದ ವಸ್ತುವಿನ ಆಕಾರ ತಿಳಿಯುವುದಕ್ಕೆ ಎಂದೆ. ಅವನು ಹೆಚ್ಚಿಗೆ ಎರಡು ಗುಂಡು ಹಾಕಿಕೊಟ್ಟ.

ಚಿತ್ರವೇ ಬದಲಾಯಿತು. ಗೋಲಿಗೆ ಇಡೀ ಗಟ್ಟಿಯಾಗಿ ತೋರಿದ್ದು ಗಟ್ಟಿಯಲ್ಲ. ಗುಂಡುಗಳು ನಡುವಿನಿಂದ ನುಸುಳಿ ಹೋಗುತ್ತವೆ. ನಾಲ್ಕು ಜಾಗದಲ್ಲಿ ಮಾತ್ರ ಬಡಿಯುತ್ತವೆ. ಅಂದರೆ ಅದು ಒಂದು ತುಂಡಲ್ಲ, ನಾಲ್ಕು ಕಂಬ, ಎರಡೆರಡು ಜೋಡಿ. ಮನಸ್ಸಿಗೆ ಬಹಳ ಖುಷಿಯಾಯಿತು. ಬೀಜದ ಅಳತೆ ಸಿಕ್ಕಿದ್ದೂ ಹೀಗೆಯೇ. ನಿಧಾನದ ಕಣ ಬಂಗಾರದ ಬೀಜವನ್ನು ಮುಟ್ಟುವ ಮೊದಲೇ ವಿದ್ಯುತ್ತಿನ ತಳ್ಳಾಟಕ್ಕೆ ಸಿಕ್ಕು ದೂರದಿಂದಲೇ ತಿರುಗಿಬಿಡುತ್ತದೆ. ಬೀಜ ಇದಕ್ಕಿಂತ ಚಿಕ್ಕದು ಎಂದಷ್ಟೇ ಅದರಿಂದ ಹೇಳಬಹುದು. ಅಲ್ಯುಮಿನಿಯಂನಂಥ ಹಗುರ ಬೀಜದ ಮೇಲೆ ವೇಗದ ಕಣ ಬಿಟ್ಟಾಗ ಹಳೆಯ ಲೆಕ್ಕ ತಪ್ಪತೊಡಗಿತು. ಲೆಕ್ಕ ತಪ್ಪಿದ ಜಾಗವೇ ನಿಜವಾಗಿ ಮುಟ್ಟಿದ ಜಾಗ.

ಹೊಳಿಯಮ್ಮ ಗುಂಡನೆಯದೋ ಮೂಲೆಯದೋ ಒಂದು ತುಂಡು ಕೂಡಿಸಬಹುದಿತ್ತು. ನಾಲ್ಕು ಕಂಬ ನಿಲ್ಲಿಸಿದ್ದಾಳೆ. ನನ್ನನ್ನು ಸೋಲಿಸಬೇಕೆಂದಿದ್ದಾಳೆ. ನನ್ನ ವಿಷಯದಲ್ಲಿ ಇಷ್ಟು ಯೋಚಿಸಿದ್ದಾಳೆಂದು ತಿಳಿದಿರಲಿಲ್ಲ.

೨೦ ಜನವರಿ, ಶುಕ್ರವಾರ

ಲೇಖನ ಮುಗಿಸಿ ಧಾರವಾಡಕ್ಕೆ ಕಳಿಸಿದೆ. ಕಡೆಯ ವಾಕ್ಯ ಹೀಗಿದೆ: ‘ಎತ್ತಿ ನೋಡುವವನು ವಸ್ತುವನ್ನು ಕಾಣುತ್ತಾನೆ, ತಟ್ಟಿ ತಿಳಿಯುವವನು ಅದನ್ನು ಅರಿಯುತ್ತಾನೆ.’ ಮೂರು ಸಲ ಓದಿದೆ. ಎಲ್ಲಿಯೂ ಹೆಚ್ಚು ಕಡಿಮೆ ಇಲ್ಲ.

೫ ಫೆಬ್ರುವರಿ, ಭಾನುವಾರ

ಪಕ್ಕೀರವ್ವ ಹುಣ್ಣಿಮೆಗೆ ಹುಲಿಗಿಯ ಗುಡಿಗೆ ಹೋಗಿ ಇಂದು ಬಂದಳು. ಹೊಳೆಯ ದಂಡೆಯಲ್ಲಿ ಹೊಳಿಯಮ್ಮ ಸಿಕ್ಕಿದ್ದಳಂತೆ, ತಾಯಿಯ ಜೊತೆ. ಪಕ್ಕೀರವ್ವ ನಮ್ಮ ಕಡೆಯವಳೂ ಅಲ್ಲ, ಅವರ ಕಡೆಯವಳೂ ಅಲ್ಲ. ಹೊಳಿಯಮ್ಮ ಆಕೆಯ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳಂತೆ. ಊರು, ಮನೆ, ಅಣ್ಣ ಹೇಳಿಕಳಿಸಿದ ಮಾತು, ಯಾವುದನ್ನೂ ಎತ್ತಲಿಲ್ಲವಂತೆ. ‘ಒಂದ ಕೇಳಿದ್ಲು ನೋಡ್ರಿ ಮಾಸ್ತರ್ರ. ನಿಮ್ಮ ಮಾಸ್ತರ್ರು ಹಲಗಿ ಬಿಚ್ಚಿ ನೋಡಿದ್ರೇನು ಅಂತ. ಎಲ್ಲಿ ಬಿಚ್ತಾರವ್ವ, ದಿನಾ ಸಂಜಿಕೆ ಗುಂಡ ಹೊಡಕೋತ ಕುಂದರ್ತಾರ ಅಂದೆ. ಅಕಿ ಹೊಳಿ ಕಡೆ ಮಾರಿ ಮಾಡಿ ಕುಂತಬಿಟ್ಲು.’

ಪ್ರಯೋಗದಲ್ಲಿ ಆಕೆಗೆ ಇಷ್ಟು ಆಸಕ್ತಿ ಇರುವುದು ನನಗೆ ತಿಳಿದಿರಲಿಲ್ಲ. ನಾನು ನಿಯಮ ಮುರಿದಿಲ್ಲವೆಂದು ಕೇಳಿ ಸಮಾಧಾನವಾಗಿರಬೇಕು.

ಸಂಪಾದಕರು ಲೇಖನವನ್ನು ಹಿಂದಿರುಗಿಸಿದ್ದಾರೆ. ಚೆನ್ನಾಗಿದೆ, ಈಚಿನ ಶೋಧವನ್ನೂ ಸೇರಿಸಿ ಕಳಿಸಿರಿ ಎಂದಿದ್ದಾರೆ. ನ್ಯೂಟ್ರಾನಿನ ಭಾಗ ಬರೆಯತೊಡಗಿದೆ. ಅದಕ್ಕೆ ವಿದ್ಯುತ್ತಿಲ್ಲ, ಯಾವ ಕಡೆಗೂ ಸೇರಿದ್ದಲ್ಲ. ಆದ್ದರಿಂದ ಬೀಜ ಅದನ್ನು ದೂರ ತಳ್ಳುವುದಿಲ್ಲ. ಸಪ್ಪಳವಿಲ್ಲದೆ ಒಳಗಿನವರೆಗೂ ಹೋಗಿ ಮುಟ್ಟುತ್ತದೆ. ಬೀಜದ ಗಾತ್ರ ಅಳೆಯಲು ಅದಕ್ಕಿಂತ ಒಳ್ಳೆಯ ದೂತ ಇಲ್ಲ.

೧೧ ಫೆಬ್ರುವರಿ

ನಿನ್ನೆ ರಜೆಯ ದಿನ ಯಾರ ಜೊತೆಗೂ ಮಾತಾಡಲಿಲ್ಲವೆಂದು ಇಂದು ಹಾಜರಿ ಕೂಗುವಾಗ ಗೊತ್ತಾಯಿತು. ದನಿ ಹೊರಡಲಿಲ್ಲ.

೩ ಮಾರ್ಚ್, ಶುಕ್ರವಾರ

ಅಣ್ಣ ಬಂದಿದ್ದ. ಗಂಗಾವತಿಯಿಂದ ಅಕ್ಕಿ ತಂದಿದ್ದ. ಉಂಡು, ಎಲೆ ಹಾಕಿಕೊಂಡು ಮಾತು ತೆಗೆದ. ಕೊಪ್ಪಳದಲ್ಲಿ ಎರಡೂ ಕಡೆಯ ಹಿರಿಯರಿಗೆ ಹೇಳಿಯಾಗಿದೆ. ಯುಗಾದಿ ಮುಗಿದ ಕೂಡಲೇ ಕೂಡುತ್ತಾರೆ. ನಾನು ಬಂದು ಹೂಂ ಎಂದರೆ ಸಾಕು.

‘ಬರೂದಿದ್ರ ಇಷ್ಟೊತ್ತಿಗೆ ಬರತಿದ್ಲು ತಮ್ಮಾ. ಒಂದ ಮಾತು ಹೇಳಿಕಳಿಸ್ಯಾಳೇನು ನಿನಗ?’

ಇಲ್ಲ ಎಂದೆ. ನಿಜವೇ ಹೇಳಿದೆ. ನೀನು ಏನಾದರೂ ಹೇಳಿಕಳಿಸಿದ್ದೀಯಾ ಎಂದು ಅವನು ಕೇಳಲಿಲ್ಲ. ಮಲಗಲು ಜಾಗ ಬೇಕೆಂದು ಹಲಗೆಯನ್ನು ಕಾಲಿನಿಂದ ಸರಿಸಿದ. ಅದನ್ನು ತುಳಿಯಬೇಡ ಎಂದೆ. ದನಿ ಬಹಳ ಜೋರಾಯಿತೆಂದು ಕಾಣುತ್ತದೆ. ಅವನು ಅಂಗಳದಲ್ಲಿ ಹಾಸಿಕೊಂಡ.

೧೦ ಮಾರ್ಚ್, ಶುಕ್ರವಾರ

ಇಂದು ಗುಂಡು ಉರುಳಿಸಲಿಲ್ಲ. ಹಲಗೆಯ ಮುಂದೆ ಸುಮ್ಮನೆ ಕುಳಿತಿದ್ದೆ. ಆಕೆಯ ಗಂಟು ಎಡಗೈಯವರ ಗಂಟು, ಹುರಿಯ ತುದಿ ಬಲಕ್ಕೆ ಬಿದ್ದಿದೆ. ಆಕೆ ಎಡಗೈಯಿಂದ ಕುಂಚ ಹಿಡಿಯುತ್ತಾಳೆಂದು ಮದುವೆಯಾದ ಮೇಲೆ ತಿಳಿದದ್ದು. ಊಟ ಮಾತ್ರ ಬಲಗೈಯಿಂದ. ಒಮ್ಮೆ ಓದುತ್ತ ಕುಳಿತಿದ್ದಾಗ ಹೇಳಿದ್ದಳು, ನೀವು ಪುಸ್ತಕದಾಗಿನ ಮಂದಿ ಜೋಡಿ ಭಾಳ ಛಲೋ ಇರ್ತೀರಿ ಅಂತ. ಹೊಗಳಿಕೆ ಎಂದು ತಿಳಿದಿದ್ದೆ.

ರಷ್ಯನ್ ಕಥೆಗಳು ಅರ್ಧಕ್ಕೆ ನಿಂತಿವೆ. ಓದಿದ ಪುಟವನ್ನೇ ಓದುತ್ತೇನೆ.

ಹಲಗೆಯ ಮೇಲ್ಭಾಗವನ್ನು ಬೆರಳಿನಿಂದ ತಟ್ಟಿ ನೋಡಿದೆ. ನಡುವೆ ದನಿ ಬೇರೆ. ಕಂಬಗಳ ಮೇಲೆ ಏನೋ ಇದೆ.

೧೬ ಮಾರ್ಚ್, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಾಲೆ ಬಿಟ್ಟು ಬಂದಾಗ ಪಕ್ಕೀರವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ‘ಇಷ್ಟು ದಿನಾ ಹೊಡದ್ರಿ, ಒಳಗ ಏನೈತಿ ಅಂತ ಗೊತ್ತಾತೇನ್ರಿ?’ ಎಂದಳು. ಗೊತ್ತಾಗಿದೆ ಎಂದೆ. ನಾಲ್ಕು ಕಾಲು, ಮೇಲೊಂದು ಮೈ, ಹೋರಿಯೋ ಕುದುರೆಯೋ ಇರಬೇಕು. ಉದ್ದ ನಾಲ್ಕು ಬೆರಳು.

ಆಕೆ ಶೇಂಗಾ ಬಾಯಿಗೆ ಹಾಕಿಕೊಂಡು, ‘ನಾಕ ಬೆರಳಿನ ಹೋರಿ ಎಲ್ಲೈತಿ? ಕರ ಇರಬೇಕ್ ತಗೀರಿ. ಬ್ಯಾಸಿಗ್ಯಾಗ ಇಲ್ಲೇ ಕುಂತು ಬಣ್ಣಾ ಹಚ್ಚತಿದ್ಲಲ್ಲ, ಕೂಸಿಗಂತ’ ಎಂದಳು.

ನಾನು ಒಳಗೆ ಬಂದು ಹುರಿ ಬಿಚ್ಚಿದೆ. ಗಂಟು ಒಂದೇ ಎಳೆತಕ್ಕೆ ಬಿಟ್ಟಿತು. ಬಿಡಲೆಂದೇ ಹಾಕಿದ ಗಂಟು.

ಕೆಳಗಿನ ಹಲಗೆಗೆ ಅಂಟಿಸಿ ನಿಲ್ಲಿಸಿದ ಕರು. ಬಿಳಿಯ ಮೈ, ಹಣೆಗೆ ಕೆಂಪು ಬೊಟ್ಟು, ಕೊರಳಿಗೆ ಹಳದಿ ಗೆಜ್ಜೆಸರ. ನಾನು ಉರುಳಿಸಿದ ಗುಂಡುಗಳ ಪೆಟ್ಟಿಗೆ ನಾಲ್ಕೂ ಕಾಲುಗಳ ಬಣ್ಣ ಎದ್ದುಹೋಗಿದೆ. ಕಣ್ಣಿಲ್ಲ.

ಒಯ್ಯುವವರು ಎದುರಿಗೆ ಬಂದು ಕುಳಿತರೆ ಮಾತ್ರ ಕಣ್ಣು. ಇದನ್ನು ನವೆಂಬರಿನಲ್ಲಿಯೇ ಬರೆದಿದ್ದೇನೆ, ಹಿಂದಿನ ಪುಟಗಳಲ್ಲಿ ಇದೆ. ನನ್ನ ಅಕ್ಷರದಲ್ಲಿಯೇ ಇದೆ.

೧೭ ಮಾರ್ಚ್, ಶುಕ್ರವಾರ. ಕಿನ್ನಾಳ

ಮೊದಲ ಮೋಟಾರಿಗೆ ಹೊರಟೆ. ಸೀರೆ ಕೊಳ್ಳಲು ಕೊಪ್ಪಳದಲ್ಲಿ ಅಂಗಡಿ ತೆರೆದಿರಲಿಲ್ಲ. ಪಕ್ಕೀರವ್ವ ಕೇಳದೆಯೇ ಬುತ್ತಿ ಕಟ್ಟಿಕೊಟ್ಟಿದ್ದಳು.

ಹಲಗೆಯನ್ನು ಬಗಲಲ್ಲಿ ಇಟ್ಟುಕೊಂಡು ಅಂಗಳಕ್ಕೆ ಹೋದಾಗ ಮಾವನವರು ನೋಡಿದರು, ಎದ್ದರು, ಏನೂ ಹೇಳದೆ ತಮ್ಮ ಚಾಪೆಯನ್ನೂ ಬಣ್ಣದ ಬಟ್ಟಲುಗಳನ್ನೂ ಬಿಟ್ಟು ಹೊರಗೆ ಹೋದರು. ಹೊಳಿಯಮ್ಮ ಒಳಗಿಂದ ಬಂದಳು. ಹುರಿ ಇಲ್ಲದ್ದನ್ನು ಮೊದಲು ನೋಡಿದಳು, ಆಮೇಲೆ ನನ್ನನ್ನು.

‘ಯಾವಾಗ ಬಿಚ್ಚಿದ್ರಿ?’

‘ನಿನ್ನೆ.’

ಆಕೆ ಗೋಡೆಗೆ ಒರಗಿ ಕುಳಿತಳು. ‘ನಾಕ ದಿನ ಗೋಲಿ ಹೊಡದು, ಬ್ಯಾಸತ್ತು ಎತ್ತಿ ನೋಡ್ತಾರ ಅಂದ್ಕೊಂಡಿದ್ದೆ. ಇನ್ನೂ ನೋಡಿಲ್ಲಂತ ಅಂದ ಅಪ್ಪ, ನಾ ನಂಬಲಿಲ್ಲ. ಸಂಕ್ರಮಣ ಹೋತು. ನೋಡೇ ಸುಮ್ಮನದಾರ, ನಾ ಬ್ಯಾಡಾಗೇನಿ ಅಂತ ತಿಳಕೊಂಡೆ. ಹುಲಿಗ್ಯಾಗ ಪಕ್ಕೀರವ್ವ ಇನ್ನೂ ಬಿಚ್ಚೇ ಇಲ್ಲ ಅಂದ್ಲು. ನಗಬೇಕೋ ಅಳಬೇಕೋ ತಿಳೀಲಿಲ್ಲ.’

ಒಂದು ಮಾತು ಹೇಳಿಕಳಿಸಬಹುದಿತ್ತಲ್ಲ ಎಂದೆ.

‘ಕರ ಕಳಿಸಿದ್ನಲ್ಲ.’

ನನಗೆ ಬೇರೆ ಏನೂ ತೋಚದೆ ಪರಮಾಣುವಿನ ಬಗ್ಗೆ ಹೇಳತೊಡಗಿದೆ. ದೂರದೇಶದ ದೊಡ್ಡ ವಿದ್ವಾಂಸರು ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ಹೀಗೆಯೇ ಮಾಡುತ್ತಿದ್ದಾರೆ, ಕತ್ತಲಲ್ಲಿ ಕುಳಿತು, ಕಣ ಎಸೆದು, ತಿರುಗಿ ಬಂದದ್ದನ್ನು ಎಣಿಸಿ, ಕಾಣದ ಬೀಜದ ಗಾತ್ರ ಹೇಳುತ್ತಿದ್ದಾರೆ, ಅದೇ ಸರಿಯಾದ ಕ್ರಮ ಎಂದೆಲ್ಲ. ಆಕೆ ಪೂರ್ತಿ ಕೇಳಿದಳು. ಇಷ್ಟು ಮಾತನ್ನು ನಾನು ಆಕೆಗೆ ಒಂದೇ ಸಲಕ್ಕೆ ಎಂದೂ ಹೇಳಿದ್ದಿಲ್ಲ.

‘ಅವರ ಹಲಗಿ ಎತ್ತಲಿಕ್ಕೆ ಬರತೈತೇನು?’ ಎಂದಳು.

‘ಇಲ್ಲ. ಯಾರಿಗೂ ಬರೂದಿಲ್ಲ.’

‘ನಿಮ್ಮದು ಬರತಿತ್ತಲ್ಲ.’

ಬಗಲಲ್ಲಿದ್ದ ಹಲಗೆಯನ್ನು ಆಕೆಯ ಮುಂದೆ ಇಟ್ಟೆ.

ಆಕೆ ಕರುವನ್ನು ಹಲಗೆಯಿಂದ ಬಿಡಿಸಿ, ಎದ್ದುಹೋದ ಕಾಲಿನ ಬಣ್ಣವನ್ನು ಹೆಬ್ಬೆರಳಿನಿಂದ ಸವರಿದಳು. ಅದನ್ನು ಹಾಗೆಯೇ ಬಿಟ್ಟಳು. ಕಪ್ಪು ಬಣ್ಣದ ಬಟ್ಟಲು ಎಳೆದುಕೊಂಡು, ಎಡಗೈಯಲ್ಲಿ ಸಣ್ಣ ಕುಂಚ ಹಿಡಿದು, ಎದುರಿಗೆ ಕುಂದರ್ರಿ ಎಂದಳು. ಕುಳಿತೆ. ಕುಂಚ ಇನ್ನೂ ತಾಗಿರಲಿಲ್ಲ. ಆಗ ಕೇಳಿದೆ.

‘ಕೂಸು ಹೆಂಗಿತ್ತು?’

ಕುಂಚ ಅಲ್ಲಿಯೇ ನಿಂತಿತು. ಆಕೆ ಮೇಲೆ ನೋಡಲಿಲ್ಲ. ‘ಇದನ್ನ ಯಾರೂ ಕೇಳಿರಲಿಲ್ಲ’ ಎಂದಳು. ಆಮೇಲೆ ಹೇಳಿದಳು. ತಲೆತುಂಬ ಕೂದಲಿತ್ತಂತೆ. ಎಡಗಿವಿಯ ಮೇಲಂಚು ಮಡಚಿಕೊಂಡಿತ್ತಂತೆ, ನನ್ನದರ ಹಾಗೆ. ಎರಡನೆಯ ದಿನ ಕಣ್ಣು ಬಿಟ್ಟು ಬೆಳಕಿಂಡಿಯ ಕಡೆಗೇ ನೋಡುತ್ತಿತ್ತಂತೆ, ಬಾಗಿಲ ಕಡೆಗೆ ತಿರುಗಿಸಿದರೂ ಮತ್ತೆ ಅಲ್ಲಿಗೇ. ಹೇಳುತ್ತ ಹೇಳುತ್ತ ಒಂದು ಕಣ್ಣು ಬರೆದಳು. ಎರಡನೆಯದಕ್ಕೆ ನನಗೆ ಕರುವನ್ನು ಹಿಡಿದುಕೊಳ್ಳಲು ಕೊಟ್ಟಳು. ನಾನು ಎರಡೂ ಕೈಯಿಂದ ಹಿಡಿದೆ. ಬರೆದಳು.

ಬಣ್ಣ ಒಣಗುವವರೆಗೆ ಇಬ್ಬರೂ ಅಲ್ಲಿಯೇ ಇದ್ದೆವು.

೨೬ ಮಾರ್ಚ್, ಭಾನುವಾರ. ಯಲಬುರ್ಗಾ

ಹೊಳಿಯಮ್ಮ ಬಂದಿದ್ದಾಳೆ, ಹಿರಿಯರನ್ನು ಕೂಡಿಸುವ ಕಾರಣವಿಲ್ಲವೆಂದು ಅಣ್ಣನಿಗೆ ಹೇಳಿಕಳಿಸಿದೆ. ಸಿಟ್ಟಾಗಿದ್ದಾನಂತೆ. ಅಕ್ಕಿ ಮುಗಿಯುವಷ್ಟರಲ್ಲಿ ಸರಿಹೋಗುತ್ತಾನೆ.

ಮರ್ದಾನಸಾಬರು ಮನೆಗೆ ಬಂದು ಹಲಗೆಯ ಫಲಿತಾಂಶ ಏನಾಯಿತೆಂದು ಕೇಳಿದರು. ಕರು ಎಂದೆ. ‘ಅರೇ, ಇಷ್ಟಕ್ಕ ಮೂರೂವರಿ ತಿಂಗಳೇನು?’ ಎಂದರು. ಹೊಳಿಯಮ್ಮ ಒಳಗಿನಿಂದ, ಅದನ್ನೇ ಕೇಳ್ರಿ ಸಾಹೇಬ್ರ, ಎಂದಳು. ಮೊನ್ನೆ ಶುಕ್ರವಾರ ಮಧ್ಯಾಹ್ನ ಆಕೆ ಅವರ ಗಡಿಯಾರ ಹಿಡಿದುಕೊಂಡು ಅಡಕಲ ಕೋಣೆಯಲ್ಲಿ ಕುಳಿತಿದ್ದಳು. ಎಣಿಸಬೇಕೇನು ಎಂದು ಕೇಳಿದಳು. ಬೇಡ, ನೋಡು ಸಾಕು ಎಂದೆ.

ಕೆಲವು ಸಲ ಮಾತು ಇಲ್ಲದೆ ಇಡೀ ಸಂಜೆ ಹೋಗುತ್ತದೆ. ಆಕೆ ಮಾಡದ ಕಡೆ ನೋಡುತ್ತ ಕುಳಿತಿರುತ್ತಾಳೆ. ಅಲ್ಲಿ ಕರು ಇದೆ. ಅಂಥ ಸಂಜೆ ನಾನು ಪುಸ್ತಕ ತೆರೆಯುವುದಿಲ್ಲ.

ನ್ಯೂಟ್ರಾನಿನ ಭಾಗ ಸೇರಿಸಿ ಲೇಖನವನ್ನು ಮತ್ತೆ ಕಳಿಸಬೇಕು. ಹೊಳಿಯಮ್ಮನಿಗೆ ಪೂರ್ತಿ ಓದಿ ಹೇಳಿದೆ. ಕಡೆಯ ವಾಕ್ಯಕ್ಕೆ ಬಂದಾಗ ನಾನೇ ನಿಲ್ಲಿಸಿ ಅದನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಹೀಗೆ ಬರೆದಿದ್ದೇನೆ:

‘ಬೀಜವನ್ನು ಮುಚ್ಚಿದ ಹಲಗೆ ಎತ್ತಲು ಬಾರದ್ದು. ಆದ್ದರಿಂದ ಅವರು ದೂರದಿಂದ ತಟ್ಟಿ ತಿಳಿಯಬೇಕಾಯಿತು. ಎತ್ತಲು ಬರುವಂತಿದ್ದರೆ ಅವರು ಮೊದಲ ದಿನವೇ ಎತ್ತಿ ನೋಡುತ್ತಿದ್ದರು.’